ರೊಟ್ಟಿಯ ಸಪ್ಪಳ

ಸೌಮ್ಯಾ ನೋಟುಬುಕ್ಕು ಬಿಚ್ಚಿದಳೆಂದರೆ ಸಾಕು, ಮಹಾದೇವಿ ಬಡಿಯುವ ರೊಟ್ಟಿಯ ಸಪ್ಪಳ ಮೂರು ಮನೆ ಆಚೆಗೂ ಕೇಳುತ್ತಿತ್ತು. ಬಡಿಯದೆ ರೊಟ್ಟಿ ತೆಳ್ಳಗಾಗುವುದಿಲ್ಲ, ನಿಜ. ಆದರೆ ಅಷ್ಟು ಬಡಿತ ಯಾವ ಜೋಳದ ಹಿಟ್ಟಿಗೂ ಬೇಕಿರಲಿಲ್ಲ.

ಮುಂಬಯಿಯ ದಹಿಸರ್‌ನ ಆ ಮನೆಗೆ ಮಹಾದೇವಿ ಹಿರಿಸೊಸೆ, ಸೌಮ್ಯಾ ಕಿರಿಸೊಸೆ. ಮಹಾದೇವಿ ವಿಜಯಪುರದಿಂದ ಮದುವೆಯಾಗಿ ಬಂದ ಮೇಲೆ ಇಪ್ಪತ್ತೆರಡು ವರ್ಷ ಮನೆಯ ಬರವಣಿಗೆಯೆಲ್ಲ ಅವಳದೇ ಆಗಿತ್ತು. ಲಗ್ನಪತ್ರಿಕೆಯ ಒಕ್ಕಣೆಯಿರಲಿ, ನೀರು ಬರುತ್ತಿಲ್ಲವೆಂದು ಬಿಲ್ಡಿಂಗಿನ ಸೊಸೈಟಿಗೆ ಕೊಡುವ ಅರ್ಜಿಯಿರಲಿ, ಅತ್ತೆ ಚನ್ನವ್ವ "ಮಾದೇವಿನ್ನ ಕೇಳ್ರಿ" ಅನ್ನುತ್ತಿದ್ದಳು. ಸೌಮ್ಯಾ ಬಾಂದ್ರಾದ ಕಾಲೇಜಿನಲ್ಲಿ ಬಿ.ಎ.ಗೆ ಸೇರಿದ್ದೇ ತಡ, ಆ ಮಾತು "ಸೌಮ್ಯಾನ್ನ ಕೇಳ್ರಿ" ಎಂದಾಯಿತು. ಪಿಯುಸಿ ಮುಗಿಸಿ ಬಂದ ಹಿರಿಸೊಸೆಗೆ ಇನ್ನು ಓದು ಸಾಕೆಂದ ಇದೇ ಮನೆ ಕಿರಿಯವಳಿಗೆ ಲೋಕಲ್ ರೈಲಿನ ಪಾಸು ಮಾಡಿಸಿಕೊಟ್ಟಿತ್ತು. ಮಹಾದೇವಿಯ ಹೊಟ್ಟೆಯಲ್ಲಿ ಕೆಂಡ ಬಿದ್ದಿತ್ತು.

ಒಂದು ಗುರುವಾರ ಸಂಜೆ ಸೌಮ್ಯಾ ಹಿಟ್ಟಿನ ಗಿರಣಿಗೆ ಹೋದಾಗ ನೋಟುಬುಕ್ಕು ಮೇಜಿನ ಮೇಲೆಯೇ ಉಳಿಯಿತು. ಕಾಲೇಜಿಗೆ ಕೊಡುವ ಬರಹವನ್ನು ಅವಳು ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ಇಳಿಸುವವಳು. ಮಹಾದೇವಿ ಸೆರಗಿಗೆ ಕೈ ಒರೆಸಿಕೊಂಡು ಪುಟ ತೆರೆದಳು.

"ನನ್ನ ನೆಗೆಣ್ಣಿಗೆ ನನ್ನನ್ನು ಕಂಡರೆ ಹೊಟ್ಟೆಕಿಚ್ಚು. ರೊಟ್ಟಿ ಬಡಿಯುವ ನೆವದಲ್ಲಿ ನನ್ನನ್ನೇ ಬಡಿಯುತ್ತಾಳೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮಹಾದೇವಿ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಕೆಳಗೆ ಸೌಮ್ಯಾ ಹೀಗೆ ಬರೆದುಕೊಂಡಿದ್ದಳು: "ಇದು ನಿನ್ನ ಕಡೆಯ ಮಾತಾಯಿತು, ಆಕೆಯ ಕಡೆಯಿಂದ ಬರೆದುಕೊಂಡು ಬಾ ಅಂದರು ಮೇಡಮ್."

ಮುಂದಿನ ಪುಟದಲ್ಲಿ ಮಹಾದೇವಿಯೇ "ನಾನು" ಆಗಿದ್ದಳು.

"ನಾನೂ ಪಿಯುಸಿ ಪಾಸಾದವಳು. ಈಗ ಅತ್ತೆ ಬರೆಯಲು ನನ್ನನ್ನು ಕರೆಯುವುದಿಲ್ಲ. ಕಿರಿಯವಳು ಪೆನ್ನು ಹಿಡಿದರೆ ನನ್ನ ಕೈ ತಾನಾಗಿ ಬಿರುಸಾಗುತ್ತದೆ. ಸಿಟ್ಟು ಅವಳ ಮೇಲೋ ನನ್ನ ಹಣೆಬರಹದ ಮೇಲೋ, ನನಗೇ ತಿಳಿಯದು. ಅವಳ ಜಾಗದಲ್ಲಿ ಕೂತಿದ್ದರೆ ನಾನೂ"

ಬರಹ ಅಲ್ಲಿಗೇ ನಿಂತಿತ್ತು.

ಬೇರೆ ಯಾರಿಗಾದರೂ ಅಳು ಬರುತ್ತಿತ್ತು. ಮಹಾದೇವಿಗೆ ಬಂದದ್ದು ಮೊದಲಿಗಿಂತ ದೊಡ್ಡ ಹೊಟ್ಟೆಕಿಚ್ಚು. ಇಷ್ಟು ವರ್ಷ ತಾನು ಒಳಗೇ ಬೇಯಿಸಿದ್ದನ್ನು ಇವಳು ಅರ್ಧ ಪುಟದಲ್ಲಿ ಬಡಿಸಿಟ್ಟಿದ್ದಳು. ತನ್ನ ಸಂಕಟವನ್ನೂ ಇವಳೇ ತನಗಿಂತ ಚೆನ್ನಾಗಿ ಹೇಳುವುದಾದರೆ ತನ್ನದೆಂದು ಇನ್ನೇನು ಉಳಿಯಿತು?

ಹಿಟ್ಟಿನ ಚೀಲ ಹಿಡಿದು ಒಳಬಂದ ಸೌಮ್ಯಾ ಹೊಸ್ತಿಲಲ್ಲೇ ನಿಂತಳು.

"ಅಕ್ಕಾ, ಅದು ಕಾಲೇಜಿಂದು. ನಾಳೆ ಕೊಡಬೇಕು. ತಪ್ಪ ಬರದೀನೇನು?"

"ಅರ್ಧಾ ತಪ್ಪೈತಿ" ಅಂದಳು ಮಹಾದೇವಿ. "ಸಿಟ್ಟು ಯಾರ ಮ್ಯಾಲ ಅಂತ ನಂಗ ಚಲೋ ಗೊತ್ತೈತಿ. ನಿನ್ನ ಮ್ಯಾಲನ."

ಸೌಮ್ಯಾ ತಲೆ ತಗ್ಗಿಸಿದಳು. "ಹಂಗಾರ ಮುಂದ ಏನ ಬರೀಲಿ?"

"ನೀ ಬರೀಬ್ಯಾಡ. ನಂದು ನಾನ ಬರೀತೀನಿ. ಪೆನ್ನ ಕೊಟ್ಟು ಹೋಗಿ ರೊಟ್ಟಿ ಬಡಿ."

ಸೌಮ್ಯಾ ಚೀಲ ಇಳಿಸಿ, ಕಾಲೇಜಿನ ಬ್ಯಾಗಿನಿಂದ ತೆಗೆದ ಪೆನ್ನನ್ನು ಒಂದು ಗಳಿಗೆ ಹಿಡಿದೇ ನಿಂತು, ಕೊನೆಗೆ ಕೊಟ್ಟಳು. ಮಹಾದೇವಿ ಅವಳ ಖುರ್ಚಿ ಎಳೆದುಕೊಂಡು ಕೂತು, ಅರ್ಧಕ್ಕೆ ನಿಂತ ಸಾಲಿನ ಮುಂದೆ ಪೆನ್ನು ಊರಿದಳು.

ಅಡುಗೆಮನೆಯಲ್ಲಿ ರೊಟ್ಟಿಯ ಸಪ್ಪಳ ಶುರುವಾಯಿತು. ಮೊದಲು ಮೆಲ್ಲಗಿತ್ತು. ಮಹಾದೇವಿ ಒಂದು ಪುಟ ತುಂಬಿಸಿ ಮಗುಚುವ ಹೊತ್ತಿಗೆ ಅದು ಮೂರು ಮನೆ ಆಚೆಗೂ ಕೇಳುವಂತಿತ್ತು.