ತಂತಿ ಚುಚ್ಚುವ ಪುಸ್ತಕ

ಆಯುಧಪೂಜೆಯ ಬೆಳಿಗ್ಗೆ ವಾರಿಜಾ ಗಂಡನ ಯಂತ್ರದಿಂದ ಕೇಬಲ್‌ಗಳನ್ನು ಒಂದೊಂದಾಗಿ ಕಿತ್ತು, ಬಟ್ಟೆಯಲ್ಲಿ ಒರೆಸಿ, ಸುರುಳಿ ಸುತ್ತಿ ಚಾಪೆಯ ಮೇಲಿಟ್ಟಳು. ಆಮೇಲೆ ಯಂತ್ರಕ್ಕೆ ಕುಂಕುಮವಿಟ್ಟು ಹೂವೇರಿಸಿದಳು. ಉಡುಪಿಯಲ್ಲಿ ಅಪ್ಪನ ಹೊಲಿಗೆ ಯಂತ್ರಕ್ಕೂ ಹೀಗೇ ನಡೆಯುತ್ತಿತ್ತು.

ಅದು ಕರೆಂಟಿನಿಂದ ಸಂಗೀತದ ದನಿ ಹುಟ್ಟಿಸುವ ಹಳೆಯ ಮಾಡ್ಯುಲರ್ ಸಿಂಥಸೈಜರ್. ಮೈತುಂಬ ತೂತು, ತಿರುಪು. ಯಾವ ತೂತಿನಿಂದ ಯಾವ ತೂತಿಗೆ ಕೇಬಲ್ ಚುಚ್ಚಿದೆ ಎಂಬುದರ ಮೇಲೆ ಅದರ ದನಿ. ಕಿತ್ತರೆ ದನಿಯೂ ಹೋಯಿತು, ಅದಕ್ಕೆ ನೆನಪೆಂಬುದಿಲ್ಲ. ಗಂಡ ಸುಶಾಂತನೂ ಅವನ ಆಫೀಸಿನ ನಮ್ರತಾಳೂ ಭಾನುವಾರ ಭಾನುವಾರ ಕೂತು ಕಡಲ ಮೊರೆತದಂಥ ದನಿಯೊಂದನ್ನು ಹುಟ್ಟಿಸಿದ್ದರು. ವಾರಿಜಾಳಿಗೆ ಇದು ಗೊತ್ತಿರಲಿಲ್ಲ ಎಂದಲ್ಲ.

"ಅಯ್ಯೋ, ಎಲ್ಲ ಕಿತ್ಬಿಟ್ಯಾ?"

"ಪೂಜೆ ಅಲ್ವಾ? ಧೂಳು ಹಿಡಿದಿತ್ತು."

ಕುಂಕುಮ ಹತ್ತಿದ ಯಂತ್ರದೆದುರು ಬೈಯಲಾರದೆ ಸುಶಾಂತ ನಮ್ರತಾಳಿಗೆ ಫೋನ್ ಮಾಡಿದ. ಅವಳ ನಗು ಅಡುಗೆಮನೆಯವರೆಗೂ ಕೇಳಿಸಿತು.

"ಬಿಡೋ, ನಾವೂ ಅಂದಾಜಲ್ಲೇ ತಾನೇ ಚುಚ್ಚಿದ್ದು? ಒಂದು ಒಳ್ಳೆ ಪುಸ್ತಕ ಬೇಕು ಕಣೋ. ಶನಿವಾರ ಲಾಸ್ ಏಂಜಲಿಸ್‌ಗೆ ಹೋಗೋಣ. ಹಳೇ ಪುಸ್ತಕದ ಅಂಗಡಿ ಗೊತ್ತು ನಂಗೆ."

ಅವರ ಭಾನುವಾರ ಕೆಡಿಸಹೊರಟವಳು ಶನಿವಾರವನ್ನೂ ಅವರ ಕೈಗಿಟ್ಟಂತಾಯಿತು. ಮೇಲಿಂದ ಆ 'ಕಣೋ' ಬೇರೆ. ಮದುವೆಯಾದಾಗಿನಿಂದ ವಾರಿಜಾ ಗಂಡನ ಹೆಸರನ್ನು ಬಾಯಿಗೇ ತಂದವಳಲ್ಲ. 'ಇಲ್ನೋಡಿ' ಎನ್ನುವಳು, ಅಷ್ಟೇ.

ಶನಿವಾರ ಯೂನಿವರ್ಸಿಟಿ ಸಿಟಿ ಬಡಾವಣೆಯ ಅಪಾರ್ಟ್‌ಮೆಂಟಿನಿಂದ ಹೊರಡುವಾಗ, "ಮ್ಯಾಪ್ ಓದೋರು ಮುಂದೆ ಕೂರ್ಬೇಕಲ್ವಾ," ಎಂದು ಸುಶಾಂತ ನಮ್ರತಾಳಿಗೆ ಮುಂದಿನ ಬಾಗಿಲು ತೆರೆದ. ವಾರಿಜಾ ಹಿಂದೆ ಕೂತಳು, ಮಡಿಲಲ್ಲಿ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು.

ಅಂಗಡಿಯಲ್ಲಿ ಪಿಯಾನೋ ಕಲಿಸುವ ಪುಸ್ತಕ, ರೇಡಿಯೋ ರಿಪೇರಿ ಪುಸ್ತಕ ಬೇಕಾದಷ್ಟಿದ್ದವು. ಎಲ್ಲಿಂದೆಲ್ಲಿಗೆ ಚುಚ್ಚಬೇಕೆಂದು ಹೇಳುವ ಪುಸ್ತಕ ಮಾತ್ರ ಇಲ್ಲ.

"ಕಂಪ್ಯೂಟರ್ ಕಾಲದಲ್ಲಿ ಮ್ಯೂಸಿಯಂ ಪೀಸ್ ಸಾಕ್ಕೊಂಡಿದೀಯಲ್ಲೋ!" ನಮ್ರತಾ ಅವನ ತೋಳಿಗೆ ಪುಸ್ತಕದಿಂದ ತಟ್ಟಿದಳು.

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ವಾರಿಜಾಳಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಹೊತ್ತು ಹಿಡಿಯುತ್ತಿತ್ತು. ಅವಳು ಚಿತ್ರ ನೋಡುತ್ತಾ ಹೋದಳು. ಕೆಳಗಿನ ಸಾಲಿನಲ್ಲಿ ತೆಳ್ಳನೆಯದೊಂದು ಸಿಕ್ಕಿತು. ಪುಟಪುಟದಲ್ಲೂ ತೂತುಗಳ ಚಿತ್ರ, ತೂತಿನಿಂದ ತೂತಿಗೆ ಬಾಗಿದ ಗೆರೆ.

ತಲೆಯೆತ್ತಿದಳು. ಅವರಿಬ್ಬರೂ ಒಂದೇ ಪುಸ್ತಕಕ್ಕೆ ಬಗ್ಗಿದ್ದರು. ನಮ್ರತಾಳ ಕೂದಲು ಅವನ ಭುಜಕ್ಕೆ ತಾಗುತ್ತಿತ್ತು. ವಾರಿಜಾ ಕೈಯಲ್ಲಿದ್ದ ಪುಸ್ತಕವನ್ನು ಹಿಂದಕ್ಕೆ ತಳ್ಳಿದಳು. ತಳ್ಳಿದರೆ ಮುಂದಿನ ಶನಿವಾರವೂ ಹೀಗೇ ಹುಡುಕಾಟ. ಕೊಟ್ಟರೆ? ಒಂದು ಸಲವಾದರೂ ತನ್ನ ಕಡೆ ತಿರುಗಿಯಾನು.

ಮತ್ತೆ ಹೊರಗೆಳೆದಳು. "ಇಲ್ನೋಡಿ."

"ವಾರಿಜಾ! ಇದೇ, ಇದೇ ಬೇಕಾಗಿದ್ದು!" ಸುಶಾಂತ ಅವಳ ಭುಜ ಹಿಡಿದು ಅಲುಗಾಡಿಸಿದ. ಆ ಸುಖ ಅವನು ಎರಡು ಹಾಳೆ ಮಗುಚುವಷ್ಟು ಹೊತ್ತು ಬಾಳಿತು. "ನಮ್ರತಾ, ಬಾ ಬೇಗ, ನೋಡಿಲ್ಲಿ!"

ವಾಪಸು ದಾರಿಯುದ್ದಕ್ಕೂ ಮುಂದಿನ ಸೀಟಿನಿಂದ ನಮ್ರತಾ ಅದನ್ನು ಗಟ್ಟಿಯಾಗಿ ಓದಿದಳು.

ಸದ್ದು ಜಾಸ್ತಿಯೆಂದು ಕೆಳಗಿನ ಮನೆಯವರು ಹಿಂದೆಯೇ ದೂರಿದ್ದರು. ಹಾಗಾಗಿ ಮನೆ ಸೇರಿದ ಮೇಲೆ ಸುಶಾಂತನೂ ನಮ್ರತಾಳೂ ಒಂದೊಂದು ಹೆಡ್‌ಫೋನ್ ಹಾಕಿಕೊಂಡು, ಪುಸ್ತಕವನ್ನು ನಡುವೆ ಹರಡಿ ಕೂತರು. ವಾರಿಜಾ ಚಹಾ ತಂದಿಟ್ಟಳು. ಅವನೊಂದು ಕೇಬಲ್ ಚುಚ್ಚಿದ, ನಮ್ರತಾ ಒಂದು ತಿರುಪು ತಿರುಗಿಸಿದಳು. ಕೋಣೆಯಲ್ಲಿ ಏನೂ ಕೇಳಿಸಲಿಲ್ಲ. ಆದರೆ ಇಬ್ಬರ ಮುಖದಲ್ಲೂ ಒಟ್ಟೊಟ್ಟಿಗೇ ನಗು ಮೂಡಿತು.

"ಸುಶಾಂತ್," ಎಂದಳು ವಾರಿಜಾ. ಆ ಹೆಸರು ನಾಲಿಗೆಗೆ ಹೊಸದಾಗಿತ್ತು. "ನನಗೂ ಒಂದ್ಸಲ ಕೇಳಿಸು."