ಅಳಿಯಂದಿರ ವೈನ್ ಕೂಲರ್

ನಮ್ಮ ಅಳಿಯಂದಿರು ಕೂತಲ್ಲಿ ಕೂರುತ್ತಿರಲಿಲ್ಲ. ಸೋಫಾದಿಂದ ಎದ್ದು ಅಡುಗೆಮನೆಗೆ ಬರುವುದು, ಮೂಲೆಯಲ್ಲಿದ್ದ ವೈನ್ ಕೂಲರಿನ ಗಾಜಿನ ಬಾಗಿಲು ತೆಗೆಯುವುದು, ಒಂದು ಬಾಟಲಿಯ ಮೈ ಮುಟ್ಟಿ ನೋಡುವುದು, ಬಾಗಿಲು ಮುಚ್ಚಿ ಗುಂಡಿ ಒತ್ತಿ ಡಿಗ್ರಿ ಬದಲಾಯಿಸುವುದು, ಮತ್ತೆ ಸೋಫಾಕ್ಕೆ ಹೋಗುವುದು. ತರಕಾರಿ ಹೆಚ್ಚುತ್ತಾ ಕೂತಿದ್ದ ನನಗೇ ಇದನ್ನು ನೋಡಿ ನೋಡಿ ಕಾಲು ನೋಯತೊಡಗಿತ್ತು.

ಅವರದು ದೊಡ್ಡ ಹೋಟೆಲಿನಲ್ಲಿ ವೈನ್ ಆರಿಸುವ ಕೆಲಸ. ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ ಉಗಿದು, ಯಾವ ಊಟಕ್ಕೆ ಯಾವ ಬಾಟಲಿ ಎಂದು ಹೇಳಬೇಕು. ನಮ್ಮ ಅಳಿಯನಿಗೆ ಉಗಿಯುವುದಕ್ಕೆ ಸಂಬಳ ಕೊಡುತ್ತಾರೆ ಎಂದು ಮದುವೆಯ ಹೊಸದರಲ್ಲಿ ನೆಂಟರಿಗೆಲ್ಲ ಹೇಳಿ ನಗಿಸಿದವಳು ನಾನೇ. ಈಗ ಅವರು ಜ್ವರ, ನೆಗಡಿ ಎಂದು ಮಲಗಿ ಎದ್ದಿದ್ದರು. ಮಗಳು ಆಫೀಸಿಗೆ ರಜೆ ಹಾಕಲಾಗದೆ ನನ್ನನ್ನು ಕರೆಸಿಕೊಂಡಿದ್ದಳು. ಶನಿವಾರ ಹೋಟೆಲಿನಲ್ಲಿ ದೊಡ್ಡ ಔತಣ. ಅದಕ್ಕೆಂದು ಹೋಟೆಲಿನ ಯಜಮಾನರು ಹೊಸ ಬಾಟಲಿಗಳನ್ನು ಮನೆಗೇ ಕಳಿಸಿ, ಯಾವುದು ಇಡೋಣ ಹೇಳು ಎಂದಿದ್ದರು. ಈ ಸಲ ಎಡವಟ್ಟಾದರೆ ಇವರ ಜಾಗಕ್ಕೆ ಬರಲು ಇನ್ನೊಬ್ಬ ತುದಿಗಾಲಲ್ಲಿ ನಿಂತಿದ್ದಾನೆ ಎಂದು ಮಗಳು ನನ್ನ ಕಿವಿಯಲ್ಲಿ ಹೇಳಿಹೋಗಿದ್ದಳು.

ಕೂಲರಿಗೆ ಎರಡು ಖಾನೆ. ಮೇಲಿನದು ಬಿಳಿ ವೈನಿಗೆ, ಎಂಟು ಡಿಗ್ರಿ. ಕೆಳಗಿನದು ಕೆಂಪಿಗೆ, ಹದಿನಾಲ್ಕು. ಮನೆಗೆ ತಂದ ದಿನದಿಂದ ಅದು ಹಾಗೇ ಇತ್ತಂತೆ. ಜ್ವರದಿಂದ ಎದ್ದ ಮೇಲೆ ಅವರಿಗೆ ಅದರ ಮೇಲೆ ಅನುಮಾನ ಹತ್ತಿಕೊಂಡಿತ್ತು.

"ತುಂಬ ತಣ್ಣಗಿದ್ರೆ ವೈನ್ ಬಾಯಿ ಬಿಡಲ್ಲ ಅತ್ತೆ. ಪರಿಮಳ ಒಳಗೇ ಮುದುಡಿಕೊಂಡಿರುತ್ತೆ. ಈ ಮಷಿನ್ ಹದಿನಾಲ್ಕು ಅಂತ ತೋರಿಸಿ ಒಳಗೆ ಹತ್ತು ಮಾಡ್ತಿದೆ."

"ನೀವು ನಿಮಿಷಕ್ಕೊಂದ್ಸಲ ಬಾಗಿಲು ತೆಗೀತಿದ್ರೆ ಅದಾದ್ರೂ ಏನು ಮಾಡುತ್ತೆ ಪಾಪ. ಅಳೆದು ನೋಡಿ."

ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ನಿಲ್ಲಿಸಿ ಕೆಳಗಿನ ಖಾನೆಯಲ್ಲಿಟ್ಟರು. ಬೆಳಿಗ್ಗೆ ನೋಡಿದರೆ ಸರಿಯಾಗಿ ಹದಿನಾಲ್ಕು. ಥರ್ಮಾಮೀಟರೇ ಸರಿಯಿಲ್ಲ ಎಂದು ಇನ್ನೊಂದು ತಂದರು. ಅದೂ ಹದಿನಾಲ್ಕು ಎಂದಿತು. ಆಗ ಎರಡೂ ಸುಳ್ಳು ಹೇಳುತ್ತಿವೆ ಎಂದರು. ಹದಿನಾರು ಮಾಡಿದರು, ಮೂಸಿದರು, ತಲೆಯಾಡಿಸಿದರು. ಹದಿನೆಂಟು ಮಾಡಿದರು. ಮನುಷ್ಯ ಹಟ ಹಿಡಿದರೆ ಯಂತ್ರದ ಮಾತನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ನನಗೆ ಸಿಟ್ಟು ಬಂತು.

ಆ ಸಿಟ್ಟಿಗೆ ಮರುದಿನ ಬೆಳಿಗ್ಗೆ ತುಪ್ಪ ಸುರಿದಂತಾಯಿತು. ಒಲೆಯ ಮೇಲೆ ಹಾಲಿಟ್ಟು, ಸ್ವಲ್ಪ ನೋಡ್ಕೊಳ್ಳಿ ಎಂದು ಹೇಳಿ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದೆ. ನನ್ನದು ನಾಯಿ ಮೂಗು ಎಂದು ಮಗಳು ಆಡಿಕೊಳ್ಳುತ್ತಾಳೆ. ಮೆಟ್ಟಿಲ ಮೇಲೇ ನನಗೆ ಸೀದ ವಾಸನೆ ಬಡಿಯಿತು. ಓಡಿ ಬಂದರೆ ಅಳಿಯಂದಿರು ಒಲೆಗೆ ಬೆನ್ನು ಹಾಕಿ, ಕೈಯಳತೆಯಲ್ಲೇ, ಕೂಲರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಪಾತ್ರೆಯ ತಳ ಇದ್ದಿಲಾಗಿದೆ.

"ಮನೆಯೆಲ್ಲ ನಾರ್ತಿದೆ, ನಿಮಗೆ ಗೊತ್ತಾಗ್ಲಿಲ್ವಾ? ಆ ಪೆಟ್ಟಿಗೆ ಬಿಟ್ರೆ ಈ ಮನೇಲಿ ಬೇರೇನೂ ಕಾಣಲ್ವಾ ನಿಮಗೆ?"

"ಏನೋ ಯೋಚನೆಯಲ್ಲಿದ್ದೆ ಅತ್ತೆ," ಎಂದರು. ಎದ್ದು ಪಾತ್ರೆಯನ್ನೇ ನೋಡುತ್ತಾ ನಿಂತರು. ನಾನು ಪಾತ್ರೆ ಕಸಿದುಕೊಂಡು ಸದ್ದು ಮಾಡುತ್ತಾ ತಿಕ್ಕಿದೆ.

ಮಧ್ಯಾಹ್ನ ಕೆಳಗಿನ ಖಾನೆ ಇಪ್ಪತ್ತಕ್ಕೆ ಏರಿತ್ತು. ಅವರು ಒಂದು ಬಾಟಲಿ ತೆಗೆದು ಬಿರಡೆ ಕಿತ್ತರು, ಗ್ಲಾಸಿಗೆ ಸ್ವಲ್ಪ ಸುರಿದು ತಿರುಗಿಸಿ ಮೂಸಿದರು. ಮತ್ತೆ ಮೂಸಿದರು. ಆಮೇಲೆ ಇದೇ ಸರಿ, ಇದರಲ್ಲೇನೂ ತಪ್ಪಿಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಯಜಮಾನರಿಗೆ ಫೋನು ಮಾಡಲು ಹೊರಟರು.

ಮೇಜಿನ ಈಚೆ ಕೂತಿದ್ದ ನಾನು ಮೂಗು ಮುಚ್ಚಿಕೊಂಡೆ. "ಇದನ್ನಾ ಜನಕ್ಕೆ ಕೊಡೋದು? ನೀರಲ್ಲಿ ನೆನೆದ ರಟ್ಟಿನ ಡಬ್ಬ ಬೂಷ್ಟು ಹಿಡಿದ ಹಾಗೆ ನಾರ್ತಿದೆ."

ಫೋನು ಹಿಡಿದ ಕೈ ಅಲ್ಲೇ ನಿಂತಿತು. "ಏನಂದ್ರಿ?"

"ಒದ್ದೆ ರಟ್ಟು ಅಂದೆ."

ಅವರ ಮುಖದ ಬಣ್ಣವೇ ಹೋಯಿತು. ಗ್ಲಾಸಿಗೆ ಮೂಗು ಮುಳುಗುವಷ್ಟು ಬಗ್ಗಿ ಎಳೆದುಕೊಂಡರು. ಎದ್ದು ಹೋಗಿ ಕಾಫಿಪುಡಿಯ ಡಬ್ಬ ತೆಗೆದು ಮೂಸಿದರು. ಬೆಳ್ಳುಳ್ಳಿ ಜಜ್ಜಿ ಮೂಸಿದರು. ಸಿಂಕಿನ ಕೆಳಗಿದ್ದ ಫಿನಾಯಿಲ್ ಬಾಟಲಿಯ ಮುಚ್ಚಳ ತಿರುಗಿಸಿದಾಗ ನಾನೇ ಹೋಗಿ ಕಸಿದುಕೊಂಡೆ. ಆಮೇಲೆ ಅವರು ಕುರ್ಚಿ ಎಳೆದು ಕೂತರು. ನಾನು ಬಂದ ಮೇಲೆ ಅವರು ಅಲುಗಾಡದೆ ಕೂತದ್ದು ಅದೇ ಮೊದಲು. ಅದನ್ನು ನೋಡುವುದಕ್ಕಿಂತ ಅವರು ಓಡಾಡುತ್ತಿದ್ದುದೇ ವಾಸಿ ಅನ್ನಿಸಿತು ನನಗೆ.

"ಬಿರಡೆ ಕೆಟ್ಟಿದ್ರೆ ವೈನ್ ಹಾಗೇ ನಾರುತ್ತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೊದಲು ಹೇಳಿಕೊಡೋದೇ ಇದನ್ನ," ಎಂದರು. "ಹಾಲು ಸೀದಾಗಲೇ ನನಗೆ ಗೊತ್ತಾಗಬೇಕಿತ್ತು. ಗೊತ್ತೂ ಆಯ್ತು ಅನ್ಸುತ್ತೆ."

ಬೆಳಿಗ್ಗೆ ನಾನು ಆಡಿದ ಮಾತು ನೆನಪಾಯಿತು. ಕಣ್ಣಿಲ್ಲದವರಿಗೆ ಕಾಣಲ್ವಾ ಎಂದು ಬೈದ ಹಾಗಾಗಿತ್ತು. ಏನಾದರೂ ಮಾಡದಿದ್ದರೆ ಆಗದು ಅನ್ನಿಸಿ, "ನೀವು ಬಾಟಲಿ ತೆಗೀರಿ, ನಾನು ಮೂಸಿ ಹೇಳ್ತೀನಿ. ಯಾರಿಗೆ ಗೊತ್ತಾಗುತ್ತೆ?" ಎಂದೆ.

ಅವರು ಸ್ವಲ್ಪ ನಕ್ಕರು. "ಶನಿವಾರ ಹೋಟೆಲಿಗೆ ಅತ್ತೇನ ಜೇಬಲ್ಲಿಟ್ಕೊಂಡು ಹೋಗೋಕಾಗುತ್ತಾ?"

ಆಮೇಲೆ ಯಜಮಾನರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಇಲ್ಲ ಸರ್, ಜ್ವರ ಬಿಟ್ಟ ಮೇಲೆ ನನಗೆ ಯಾವ ವಾಸನೆಯೂ ಬರ್ತಿಲ್ಲ. ಯಾವಾಗ ಬರುತ್ತೋ, ಬರುತ್ತೋ ಇಲ್ಲವೋ ಗೊತ್ತಿಲ್ಲ, ಡಾಕ್ಟರನ್ನ ಕೇಳ್ತೀನಿ. ಆ ಕಡೆಯಿಂದ ಏನೋ ಹೇಳಿದರು. "ಆಗಲಿ ಸರ್, ಅವನನ್ನೇ ಕರೆಸಿ," ಎಂದು ಫೋನಿಟ್ಟರು. ಎದ್ದು ಹೋಗಿ ಕೂಲರಿನ ಗುಂಡಿ ಒತ್ತುತ್ತಾ ಕೆಳಗಿನ ಖಾನೆಯನ್ನು ಮತ್ತೆ ಹದಿನಾಲ್ಕಕ್ಕೆ ಇಳಿಸಿದರು.

"ಇದರದ್ದೇನೂ ತಪ್ಪಿರಲಿಲ್ಲ," ಎಂದರು. ನನ್ನ ಕಡೆ ತಿರುಗದೆಯೇ, "ನಿಮ್ಮ ಮಗಳು ಶಾಂಪೂ ಬದಲಾಯಿಸಿದಾಳೆ ಅಂದ್ಕೊಂಡಿದ್ದೆ ಅತ್ತೆ," ಎಂದರು.

ಅದೇ ಹಳೇ ಶಾಂಪೂವಿನ ನಿಂಬೆಯ ವಾಸನೆ ಬಚ್ಚಲಿನಿಂದ ಹಜಾರದವರೆಗೂ ದಿನಾ ಬೆಳಿಗ್ಗೆ ನನ್ನ ಮೂಗಿಗೆ ಹೊಡೆಯುತ್ತಿತ್ತು.

ಸಂಜೆ ಮಗಳು ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದವಳು ತಲೆಯೆತ್ತುವಷ್ಟರಲ್ಲಿ ಅವರು ಎದುರಿಗೆ ಹೋಗಿ ನಿಂತಿದ್ದರು. ನಾನಿರುವುದನ್ನೂ ಮರೆತು ಅವಳ ಕೂದಲಲ್ಲಿ ಮುಖವಿಟ್ಟು ಜೋರಾಗಿ ಉಸಿರೆಳೆದುಕೊಂಡರು. ಮತ್ತೆ ಎಳೆದುಕೊಂಡರು.

"ರೀ, ಅಮ್ಮ ಇದ್ದಾಳೆ," ಎಂದು ಅವಳು ನಗುತ್ತಾ ತಳ್ಳಲು ಹೋದಳು. ಆಮೇಲೆ ಅವಳ ನಗು ನಿಂತಿತು.

ನಾನು ಅತ್ತ ತಿರುಗಿಕೊಂಡೆ. ಮಾಡಲು ಬೇರೇನೂ ತೋಚದೆ ಕೂಲರಿನ ಬಾಗಿಲು ತೆಗೆದು ಅದರ ಮುಂದೆ ನಿಂತೆ. ತಣ್ಣನೆಯ ಗಾಳಿ ಕಾಲಿಗೆ ಇಳಿಯುತ್ತಿತ್ತು. ಬಾಗಿಲು ತೆರೆದೇ ಇದೆ ಎಂದು ಸ್ವಲ್ಪ ಹೊತ್ತಿಗೆ ಅದು ಕೂಗತೊಡಗಿತು.