ಹಿಂಬಾಗಿಲ ಗಣಪತಿ

"ಗಣಪತಿನ ಕಾಪಾಡ್ಯಾನ್ರೀ ಮೇಡಂ. ಒಂದು ಹುಡುಗಿ ಕೈ ಮುರದದ, ಅಷ್ಟ. ದೊಡ್ಡದು ಸಣ್ಣದರಾಗ ಹೋತು," ಎನ್ನುತ್ತ ಶರಣಬಸಪ್ಪ ಚಹಾದ ಕಪ್ಪನ್ನು ಸಾಸರಿನ ಮೇಲಿಟ್ಟರು.

ವಡಾಲದ ಈ ವಿದ್ಯಾರ್ಥಿನಿಯರ ಹಾಸ್ಟೆಲಿಗೆ ಅನುರಾಧಾ ವಾರ್ಡನ್. ಶರಣಬಸಪ್ಪ ಅದನ್ನು ನಡೆಸುವ ಟ್ರಸ್ಟಿನ ಕಾರ್ಯದರ್ಶಿ. ನಿನ್ನೆ ಮಧ್ಯಾಹ್ನ ಮೀಟರ್ ರೂಮಿಗೆ ಬೆಂಕಿ ಹತ್ತಿ, ಮುಂದಿನ ಮೆಟ್ಟಿಲ ತುಂಬ ಕಪ್ಪು ಹೊಗೆ ಕವಿದಾಗ ಹುಡುಗಿಯರೆಲ್ಲ ಹಿಂದಿನ ಮೆಟ್ಟಿಲಿಗೆ ಓಡಿದ್ದರು. ಸುಟ್ಟ ವೈರಿನ ವಾಸನೆ ಇನ್ನೂ ಗೋಡೆಗಳಲ್ಲೇ ಕುಳಿತಿತ್ತು.

ಹಿಂದಿನ ಮೆಟ್ಟಿಲು ಮುಗಿಯುವಲ್ಲಿ ಎರಡು ಕದದ ಅಗಲವಾದ ಕಬ್ಬಿಣದ ಬಾಗಿಲಿದೆ. ಹುಡುಗಿಯರು ಅಲ್ಲಿಂದ ಕದ್ದು ಹೊರಗೆ ಹೋಗುತ್ತಾರೆಂದು ಶರಣಬಸಪ್ಪನವರೇ ಒಂದು ಕದಕ್ಕೆ ಅಡ್ಡಲಾಗಿ ಮಂಟಪ ಇಡಿಸಿ, ಅಮೃತಶಿಲೆಯ ಗಣಪತಿಯನ್ನು ಕೂಡಿಸಿದ್ದರು. ಮೂಲೆಯಲ್ಲಿ ದೇವರ ಚಿತ್ರದ ಟೈಲ್ಸ್ ಅಂಟಿಸಿದರೆ ಯಾರೂ ಅಲ್ಲಿ ಉಗುಳುವುದಿಲ್ಲವಲ್ಲ, ಅದೇ ಉಪಾಯ. ಉಳಿದ ಒಂದೇ ಕದದಿಂದ ಹೊರಬೀಳಲು ದೇವರ ಮುಂದೆಯೇ ಹಾದುಹೋಗಬೇಕಿತ್ತು. ಪೂಜೆಯನ್ನು ಅನುರಾಧಾ ಬಯಸಿ ವಹಿಸಿಕೊಂಡಿದ್ದಳು. ಅಜ್ಜಿ ಹೇಳುತ್ತಿದ್ದ ದೇವರ ಪದಗಳನ್ನು ಗುನುಗುತ್ತ ದೀಪ ಹಚ್ಚುವಾಗ ಆಕೆಗೆ ಲೋಕಲ್ ರೈಲುಗಳ ಗದ್ದಲವೂ ಕೇಳಿಸುತ್ತಿರಲಿಲ್ಲ. ಚಪ್ಪಲಿಯನ್ನು ಕೊನೆಯ ಮೆಟ್ಟಿಲಲ್ಲೇ ಬಿಟ್ಟು ಬರಬೇಕೆಂದು ಹುಡುಗಿಯರಿಗೆ ಹೇಳಿ ಹೇಳಿ ರೂಢಿ ಮಾಡಿಸಿದ್ದವಳೂ ಆಕೆಯೇ.

ನಿನ್ನೆ, ಹೊಗೆ ಬೆನ್ನಟ್ಟಿ ಬರುತ್ತಿದ್ದಾಗ, ಎಲ್ಲರಿಗಿಂತ ಮುಂದಿದ್ದ ಶೈಲಾ ಆ ಕೊನೆಯ ಮೆಟ್ಟಿಲಲ್ಲಿ ಚಪ್ಪಲಿ ಕಳಚಲು ಬಗ್ಗಿದಳು. ಹಿಂದಿನವರೆಲ್ಲ ಆಕೆಯ ಮೇಲೆ ಬಿದ್ದರು. ಆಕೆಯ ಕೈ ಮುರಿಯಿತು.

"ಫೈರ್ ಬ್ರಿಗೇಡಿನವರು ನಾಳೆ ನೋಡಾಕ ಬರ್ತಾರ," ಶರಣಬಸಪ್ಪ ಮುಂದುವರಿಸಿದರು. "ಹುಡುಗ್ಯಾರು ಮೊಬೈಲ್ ನೋಡ್ಕೋತ ಓಡಿ ಬಿದ್ರು ಅಂತ ಹೇಳಿಬಿಡ್ರಿ. ಮಂಟಪಕ್ಕ ಒಂದು ಪರದೆ ಬಿಟ್ಟರಾತು."

"ಮಂಟಪ ತಗಸ್ರಿ."

"ಕೂಡಿಸಿದ ದೇವರನ್ನ ಎಬ್ಬಸ್ತೀರೇನು? ಅದಕ್ಕ ಸ್ವಾಮಿಗಳು ಬರಬೇಕು, ಮುಹೂರ್ತ ನೋಡಬೇಕು. ದಿನಾ ಪೂಜಿ ಮಾಡಾಕಿ ನೀವು, ನಿಮಗ ನಾ ಹೇಳಬೇಕೇನು?"

"ಕೂಡಿಸುವಾಗ ಯಾವ ಮುಹೂರ್ತ ನೋಡಿದ್ರಿ?"

"ಆವಾಗಿನ ಮಾತು ಬ್ಯಾರೆ."

"ಬ್ಯಾರೆನ ಐತಿ. ಆವಾಗ ನಿಮಗ ಪಗಾರ ಕೇಳದ ವಾಚ್‌ಮನ್ ಬೇಕಾಗಿದ್ದ."

ಶರಣಬಸಪ್ಪನವರ ಮುಖ ಬಿಗಿಯಿತು. "ನಾಲಿಗಿ ಹಿಡದು ಮಾತಾಡ್ರಿ. ನೀವಿರೋ ಖೋಲಿನೂ ಟ್ರಸ್ಟಿಂದ ಅನ್ನೂದು ನೆನಪಿರಲಿ."

ಅನುರಾಧಾಳಿಗೆ ಸಿಟ್ಟು ಬರುವುದೇ ಅಪರೂಪ. ಬಂದಾಗ ದನಿ ಏರುವ ಬದಲು ಇಳಿಯುತ್ತಿತ್ತು. "ನೆನಪೈತ್ರಿ," ಎಂದವಳೇ ಎದ್ದು ಹಿಂದಿನ ಮೆಟ್ಟಿಲ ಕಡೆ ನಡೆದಳು.

ಅಲ್ಲಿ ಶೈಲಾಳ ರೂಮ್‌ಮೇಟ್ ಶ್ರಾವ್ಯಾ ಚೆಲ್ಲಾಪಿಲ್ಲಿಯಾಗಿದ್ದ ಚಪ್ಪಲಿಗಳಲ್ಲಿ ಹುಡುಕಾಡುತ್ತಿದ್ದಳು. ಕುರ್ಲಾದಲ್ಲಿ ಹೋಟೆಲ್ ಇಟ್ಟಿರುವ ಉಡುಪಿಯವರ ಮಗಳು.

"ಮೇಡಂ, ಶೈಲಾದು ಒಂದೇ ಚಪ್ಪಲ್ ಸಿಕ್ತು. ದೂಸ್ರಾ ಎಲ್ಲುಂಟೋ, ಪತಾ ನಹೀ."

"ಇರಲಿ. ಬಾ, ಆ ಕಡೆಯಿಂದ ಹಿಡಿ."

"ದೇವರನ್ನಾ? ಮೇಡಂ, ನಾನಿವತ್ತು ಸ್ನಾನ ಸಹ ಮಾಡ್ಲಿಲ್ಲ. ಪಂಪ್ ಬಂದ್ ಉಂಟಲ್ಲ."

"ನಾನೂ ಮಾಡಿಲ್ಲ. ಹಿಡಿ."

ಚಪ್ಪಲಿ ಮೆಟ್ಟಿಕೊಂಡೇ ಅನುರಾಧಾ ಮಂಟಪದ ಹತ್ತಿರ ಹೋದಳು. ಕಾಲು ಒಂದು ಕ್ಷಣ ತಡೆಯಿತು. ಬಾಯಿ ತಾನಾಗಿ ಅಜ್ಜಿಯ ಪದವೊಂದನ್ನು ಹಿಡಿಯಿತು. ಹಾಡುತ್ತಲೇ ಶ್ರಾವ್ಯಾಳೊಂದಿಗೆ ಮೂರ್ತಿಯನ್ನು ಎತ್ತಿದಳು.

"ಪಾಪ ಸುತ್ತಿಕೊಳ್ತದ, ನೋಡ್ರಿ," ಬೆನ್ನ ಹಿಂದೆ ಶರಣಬಸಪ್ಪನವರ ದನಿ ಕೇಳಿತು.

"ನನಗ ಸುತ್ತಿಕೊಳ್ಳಲಿ. ಹುಡುಗ್ಯಾರಿಗೆ ಬ್ಯಾಡ."

ಗಣಪತಿಯನ್ನು ಮೆಸ್ಸಿನ ಮೇಜಿನ ಮೇಲೆ ಕೂಡಿಸಿ ಇಬ್ಬರೂ ಮರಳಿದರು. ಅಷ್ಟರಲ್ಲಿ ಇನ್ನಷ್ಟು ಹುಡುಗಿಯರು ಇಳಿದು ಬಂದಿದ್ದರು. ಎಲ್ಲರೂ ಸೇರಿ ಮಂಟಪವನ್ನು ಎಳೆದು ಪಕ್ಕಕ್ಕಿಟ್ಟರು. ಅದರ ಹಿಂದಿದ್ದ ಕದದ ಚಿಲಕ ತುಕ್ಕು ಹಿಡಿದಿತ್ತು. ಶ್ರಾವ್ಯಾ ಅಡುಗೆಮನೆಯಿಂದ ಒರಳ ಗುಂಡು ತಂದು ಬಡಿದಳು.

"ಏ, ತಡೀರಿ, ತಡೀರಿ. ಆ ಕಡೆ ನನ್ನ ಗಾಡಿ ನಿಲ್ಲಿಸೇನಿ," ಶರಣಬಸಪ್ಪ ಮುಂದೆ ನುಗ್ಗಲು ನೋಡಿದರು. ಹುಡುಗಿಯರು ದಾರಿ ಬಿಡಲಿಲ್ಲ.

ಕದ ಗೇಣುದ್ದ ತೆರೆದು, ಬಿಳಿಯ ಕಾರಿಗೆ ತಗಲಿ ನಿಂತಿತು. ಅನುರಾಧಾ ಹೆಗಲು ಕೊಟ್ಟು ಇನ್ನೊಮ್ಮೆ ದೂಡಿದಳು. ಬಿಳಿ ಬಣ್ಣದ ಚಕ್ಕೆಯೊಂದು ಕಳಚಿ, ಹೊಸ್ತಿಲ ಮೇಲೆ ಆಗಷ್ಟೇ ಬಿದ್ದಿದ್ದ ಬಿಸಿಲಿನಲ್ಲಿ ಉದುರಿತು.